ಅಮ್ಮ ಮಾತ್ರೆ ಸರಿಯಾಗಿ ತಗೊಳ್ತಿದ್ದಾರಾ ಅಂತ ತಿಳಿಯೋದು ಹೇಗೆ?

ಪ್ರಶ್ನೆ: ನಾನಿರೋದು ಬೆಂಗಳೂರಲ್ಲಿ, ಅಮ್ಮ ಗೋಣಿಕೊಪ್ಪ ಹತ್ರ ತೋಟದ ಮನೇಲಿ. ಬಿಪಿ, ಶುಗರ್ ಎರಡೂ ಇದೆ. ಫೋನಲ್ಲಿ ಕೇಳಿದ್ರೆ ದಿನಾ ಮಾತ್ರೆ ತಗೊಳ್ತೀನಿ ಅಂತಾರೆ, ಆದ್ರೆ ಬಿಪಿ ಇಳೀತಾನೇ ಇಲ್ಲ. ಏನ್ ಮಾಡ್ಲಿ?

ಉತ್ತರ: ಮೊದಲನೇದಾಗಿ ಅಮ್ಮನ ಮೇಲೆ ಬೇಜಾರು ಮಾಡ್ಕೋಬೇಡಿ. ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆಗೆ ಮಾತ್ರೆ ಸರಿಯಾಗಿ ತಗೊಳ್ಳೋರು ಸುಮಾರು ಅರ್ಧದಷ್ಟು ಜನ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ.

"ಮಾತ್ರೆ ತಗೊಂಡ್ಯಾ" ಅಂತ ಕೇಳಿದ್ರೆ ಯಾರಾದ್ರೂ ಹೂಂ ಅಂತಾನೇ ಅಂತಾರೆ. ಅದರ ಬದಲು "ಎಲ್ಲರಿಗೂ ಮರ್ತು ಹೋಗುತ್ತೆ, ಹೋದ ವಾರ ಎಷ್ಟು ದಿನ ಬಿಟ್ಟೋಯ್ತಮ್ಮ" ಅಂತ ಕೇಳಿ ನೋಡಿ, ನಿಜ ಬರುತ್ತೆ.

ಇದಕ್ಕಿಂತ ಗಟ್ಟಿ ಲೆಕ್ಕ ಮೆಡಿಕಲ್ ಶಾಪಿನ ಬಿಲ್ಲಲ್ಲಿರುತ್ತೆ. ದಿನಕ್ಕೊಂದು ಮಾತ್ರೆ, ಸ್ಟ್ರಿಪ್ಪಲ್ಲಿ 10 ಅಂದ್ರೆ 90 ದಿನಕ್ಕೆ 9 ಸ್ಟ್ರಿಪ್ ಬೇಕು, ತಗೊಂಡಿರೋದು 6 ಅಂದ್ರೆ 67 ಪರ್ಸೆಂಟ್ ಆಯ್ತು, ರಿಸರ್ಚ್ ಮಾಡೋರು ಸಾಮಾನ್ಯವಾಗಿ 80 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಸಾಲದು ಅಂತಾರೆ. ಮನೇಲಿ ಉಳಿದ ಮಾತ್ರೆ ಎಣಿಸೋದೂ ಒಂದು ದಾರಿ, ಆದ್ರೆ ಎಣಿಸ್ತಾರೆ ಅಂತ ಗೊತ್ತಾದ್ರೆ ಕೆಲವರು ಎಸೆದುಬಿಡ್ತಾರೆ.

ಬಿಪಿ ಚೆಕಪ್ಪನ್ನೊಂದೇ ನಂಬ್ಕೋಬೇಡಿ, ಡಾಕ್ಟರ್ ಹತ್ರ ಹೋಗೋ ಮುಂಚೆ ನಾಲ್ಕು ದಿನ ಶಿಸ್ತಾಗಿ ತಗೊಳ್ಳೋರು ತುಂಬಾ ಜನ. ಶುಗರಿಗೆ ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದ್ರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ, ಆದ್ರೆ ಅದು ಜಾಸ್ತಿ ಇದ್ರೆ ಮಾತ್ರೆ ಬಿಟ್ಟಿದ್ದೇ ಕಾರಣ ಅಂತಿಲ್ಲ, ಊಟ, ಡೋಸು ಎಲ್ಲಾ ಸೇರಿರುತ್ತೆ.

ನನ್ ಪ್ರಕಾರ ಎಷ್ಟು ಬಿಟ್ರು ಅನ್ನೋದಕ್ಕಿಂತ ಯಾಕೆ ಬಿಟ್ರು ಅನ್ನೋದೇ ಮುಖ್ಯ. ಜುಲೈ ಮಳೇಲಿ ಪೇಟೆಗೆ ಹೋಗೋಕಾಗದೆ ಇರೋ ಮಾತ್ರೇನ ದಿನ ಬಿಟ್ಟು ದಿನ ತಗೊಂಡು ಎಳೆಯೋರಿದ್ದಾರೆ. ಕಾಫಿ ಕುಯ್ಲು ಟೈಮಲ್ಲಿ ಇನ್ನೊಂದು ಕಷ್ಟ, ಕೆಲವು ಬಿಪಿ ಮಾತ್ರೆ ತಗೊಂಡ್ರೆ ಪದೇಪದೇ ಮೂತ್ರಕ್ಕೆ ಹೋಗ್ಬೇಕಾಗುತ್ತೆ, ಬೆಳಿಗ್ಗೆಯಿಂದ ತೋಟದಲ್ಲಿ ಆಳುಗಳ ಜೊತೆ ನಿಂತಿರೋ ಹೆಂಗಸು ಅದನ್ನ ಬಿಡದೆ ಏನ್ ಮಾಡ್ತಾರೆ, ಮಗನ ಹತ್ರ ಹೇಳ್ಕೊಳ್ಳೋಕೂ ಸಂಕೋಚ. ಡಾಕ್ಟರಿಗೆ ಹೇಳಿದ್ರೆ ಟೈಮೋ ಮಾತ್ರೇನೋ ಬದಲಾಯಿಸಬಹುದು.

ಮುಂದಿನ ಸಲ ಊರಿಗೆ ಹೋದಾಗ ಬಿಲ್ಲು, ಸ್ಟ್ರಿಪ್ಪು ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಅಮ್ಮನ ಜೊತೆ ಡಾಕ್ಟರ್ ಹತ್ರ ಹೋಗಿ, ಡೋಸ್ ಜಾಸ್ತಿ ಮಾಡೋಕೆ ಮುಂಚೆನೇ ತೋರಿಸಿ. ಬಿಟ್ಟು ಬಿಟ್ಟು ತಗೊಳ್ತಿದ್ರು ಅಂತ ಗೊತ್ತಿಲ್ದೆ ಡೋಸ್ ಏರಿಸಿ, ಆಮೇಲೆ ಅವ್ರು ದಿನಾ ಸರಿಯಾಗಿ ತಗೊಳ್ಳೋಕೆ ಶುರು ಮಾಡಿದ್ರೆ ಬಿಪಿ ತೀರಾ ಇಳಿದು ತಲೆ ಸುತ್ತಿ ಬೀಳಬಹುದು.