ಮದುವೆಯಾದ ಮೇಲೆ ಅವಳ ಧರ್ಮ ಯಾರ ಕೈಯಲ್ಲಿ?

ಅಂತರ್ಧರ್ಮೀಯ ಮದುವೆಯಲ್ಲಿ ಬಲವಂತ ಅಂದ ಕೂಡಲೇ ಟಿವಿ ಚರ್ಚೆಯ ಗದ್ದಲ ನೆನಪಾಗುತ್ತದೆ. ಯಾರೋ ಹೆಸರು ಬದಲಿಸಿಕೊಂಡು ಬಂದ, ಮದುವೆಯಾದ, ಮರುದಿನವೇ ಮತಾಂತರ ಮಾಡಿಸಿದ. ಅಂಥದ್ದು ನಡೆಯುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಇದರ ಇನ್ನೊಂದು ರೂಪ ಕ್ಯಾಮೆರಾಗೆ ಸಿಗುವುದಿಲ್ಲ. ಅದು ಸಣ್ಣದಾಗಿ ಶುರುವಾಗುತ್ತದೆ. ಅಮ್ಮ ಬಂದಾಗ ಮಾತ್ರ ಕುಂಕುಮ ಬೇಡ ಅನ್ನುತ್ತಾನೆ ಗಂಡ. ಈ ಭಾನುವಾರ ಚರ್ಚ್ ಬೇಡ, ನೆಂಟರು ಬರ್ತಾರೆ ಅನ್ನುತ್ತಾನೆ. ನಮಾಜಿಗೆ ಕೂತರೆ ಪಕ್ಕದಲ್ಲಿ ಟಿವಿ ಜೋರಾಗುತ್ತದೆ. ಆಮೇಲೆ ಮಗುವಿನ ಹೆಸರು, ತವರಿನ ಫೋನು, ಊಟದ ತಟ್ಟೆ, ಬಟ್ಟೆ. ಒಂದು ದಿನ ಅವಳು 'ಆಗಲ್ಲ' ಅಂದಾಗ ಮೊದಲ ಏಟು ಬೀಳುತ್ತದೆ.

ಇದರಲ್ಲಿ ಯಾವ ಧರ್ಮವೂ ಹೊರತಲ್ಲ. ಹಿಂದೂ ಮನೆಗೆ ಬಂದ ಕ್ರಿಶ್ಚಿಯನ್ ಸೊಸೆಯ ಬೈಬಲ್ ಅಟ್ಟ ಸೇರುತ್ತದೆ, ಮುಸ್ಲಿಂ ಮನೆಗೆ ಬಂದ ಹಿಂದೂ ಸೊಸೆಯ ದೇವರ ಫೋಟೋ ಪೆಟ್ಟಿಗೆ ಸೇರುತ್ತದೆ. ಗಮನಿಸಬೇಕಾದ ವಿಷಯ ಬೇರೆ ಇದೆ. ಎಟಿಎಂ ಕಾರ್ಡ್ ಕಿತ್ತುಕೊಳ್ಳುವ ಕೈಯೇ ದೇವರ ಫೋಟೋವನ್ನೂ ಕಿತ್ತುಕೊಳ್ಳುತ್ತದೆ. ಇದು ಭಕ್ತಿಯ ಪ್ರಶ್ನೆ ಆಗಿರುವುದು ಕಡಿಮೆ, ಹಿಡಿತದ ಪ್ರಶ್ನೆಯೇ ಜಾಸ್ತಿ. ಆದರೆ ನಮ್ಮ ಕಾನೂನು ನೂರೈವತ್ತು ವರ್ಷಗಳಿಂದ ಇದನ್ನು ಧರ್ಮದ ಲೆಕ್ಕದಲ್ಲೇ ನೋಡುತ್ತಾ ಬಂದಿದೆ. ಅವಳು ಯಾವ ಕಡೆಯವಳು, ಯಾರಿಗೆ ಸೇರಿದವಳು ಅಂತ ಕೇಳಿದಷ್ಟು ಸಲ, ಮನೆಯೊಳಗೆ ಅವಳಿಗೆ ಏನಾಗುತ್ತಿದೆ ಅಂತ ಕೇಳಿಲ್ಲ.

1872ರಿಂದ ಶುರು ಮಾಡೋಣ. ಬಂಗಾಳದ ಕೇಶವಚಂದ್ರ ಸೇನ್ ಮತ್ತು ಬ್ರಹ್ಮ ಸಮಾಜದವರ ಒತ್ತಾಯಕ್ಕೆ ಬ್ರಿಟಿಷ್ ಸರ್ಕಾರ ಒಂದು ವಿಶೇಷ ವಿವಾಹ ಕಾಯ್ದೆ ತಂದಿತು. ಪುರೋಹಿತರು ಬೇಡ, ಖಾಜಿ ಬೇಡ, ನೋಂದಣಿ ಸಾಕು. ಆದರೆ ಒಂದು ಷರತ್ತು. ಇಬ್ಬರೂ 'ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರಿಶ್ಚಿಯನ್ ಅಲ್ಲ, ಯಹೂದಿ ಅಲ್ಲ, ಪಾರ್ಸಿ ಅಲ್ಲ, ಬೌದ್ಧ ಅಲ್ಲ, ಸಿಖ್ ಅಲ್ಲ, ಜೈನ ಅಲ್ಲ' ಅಂತ ಘೋಷಿಸಬೇಕಿತ್ತು. ಅಂದರೆ ಇಷ್ಟಪಟ್ಟವರನ್ನು ಮದುವೆಯಾಗಬೇಕು ಅಂದರೆ ಮೊದಲು ನಿಮ್ಮ ನಂಬಿಕೆಯನ್ನೇ ಬಾಗಿಲಲ್ಲಿ ಬಿಟ್ಟು ಬನ್ನಿ! 1923ರಲ್ಲಿ ಶಾಸನಸಭೆಯ ಸದಸ್ಯ ಹರಿ ಸಿಂಗ್ ಗೌರ್ ಅವರ ಪ್ರಯತ್ನದಿಂದ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮಲ್ಲಿ ಮದುವೆಯಾಗುವಾಗ ಈ ಘೋಷಣೆ ಬೇಡ ಅಂತಾಯಿತು. ಹಿಂದೂ-ಮುಸ್ಲಿಂ ಜೋಡಿಗೆ ಆ ರಿಯಾಯಿತಿ ಸಿಗಲು 1954ರವರೆಗೆ ಕಾಯಬೇಕಾಯಿತು.

ಇದು ಒಳಗೆ ಬರುವ ಬಾಗಿಲಿನ ಕಥೆ. ಹೊರಗೆ ಹೋಗುವ ಬಾಗಿಲಿನ ಕಥೆ ಇನ್ನೂ ವಿಚಿತ್ರ.

ಕೆಲವು ಜಾತಿಗಳ ರೂಢಿ ಬಿಟ್ಟರೆ ಆ ಕಾಲದ ಹಿಂದೂ ಹೆಂಗಸಿಗೆ ವಿಚ್ಛೇದನವೇ ಇರಲಿಲ್ಲ. ಧರ್ಮ ಬದಲಿಸಿದರೂ ಗಂಡ ಗಂಡನೇ. ಮುಸ್ಲಿಮಳಾಗಿ ಬೇರೆಯವರನ್ನು ಮದುವೆಯಾದ ಒಬ್ಬ ಹಿಂದೂ ಹೆಂಡತಿ ದ್ವಿಪತಿತ್ವದ ಅಪರಾಧಿ ಅಂತ ಕಲ್ಕತ್ತಾ ಹೈಕೋರ್ಟ್ 1891ರಲ್ಲಿ ಹೇಳಿತು. ಮುಸ್ಲಿಂ ಹೆಂಗಸಿನ ಸ್ಥಿತಿ ಬೇರೆ. ಗಂಡ ಹೊಡೆಯಲಿ, ಬಿಟ್ಟು ಓಡಿ ಹೋಗಲಿ, ಇಲ್ಲಿ ಚಾಲ್ತಿಯಲ್ಲಿದ್ದ ಹನಫಿ ಪಂಥದ (ಇಸ್ಲಾಮಿ ಕಾನೂನಿನ ಒಂದು ಪಂಥ) ನಿಯಮಗಳಲ್ಲಿ ಅವಳಾಗಿಯೇ ಕೋರ್ಟಿಗೆ ಹೋಗಿ ಬಿಡುಗಡೆ ಪಡೆಯುವ ದಾರಿ ಇಲ್ಲವೇ ಇಲ್ಲ ಅನ್ನುವಷ್ಟು ಕಿರಿದಾಗಿತ್ತು. ಆದರೆ ಇಸ್ಲಾಂ ಬಿಟ್ಟರೆ ಮದುವೆ ಅಲ್ಲಿಗೇ ಮುಗಿಯಿತು ಅಂತ ಕೋರ್ಟುಗಳು ಒಪ್ಪುತ್ತಿದ್ದವು. ಹಾಗಾಗಿ ಹೆಂಗಸರು ಆ ದಾರಿಯನ್ನೇ ಹಿಡಿದರು. ಪಂಜಾಬಿನಲ್ಲಿ ಕೆಟ್ಟ ಮದುವೆಯಿಂದ ಪಾರಾಗಲು ಎಷ್ಟೋ ಮುಸ್ಲಿಂ ಹೆಂಗಸರು ಕ್ರೈಸ್ತ ಧರ್ಮಕ್ಕೆ ಸೇರಿದರು. ನಂಬಿಕೆ ಬದಲಾಗಿತ್ತು ಅಂತಲ್ಲ, ಬೇರೆ ಬಾಗಿಲು ಇರಲಿಲ್ಲ ಅಂತ.

ಇದು ಉಲೇಮಾಗಳಿಗೆ, ಅಂದರೆ ಮುಸ್ಲಿಂ ಧರ್ಮಪಂಡಿತರಿಗೆ, ದೊಡ್ಡ ತಲೆನೋವಾಯಿತು. ಮೌಲಾನಾ ಅಶ್ರಫ್ ಅಲಿ ಥಾನ್ವಿಯವರಂಥ ವಿದ್ವಾಂಸರು, ಇಸ್ಲಾಮಿ ಕಾನೂನಿನ ಇನ್ನೊಂದು ಪಂಥವಾದ ಮಾಲಿಕಿಯ ನಿಯಮಗಳನ್ನು ಎರವಲು ಪಡೆದು ಹೆಂಗಸರಿಗೆ ಕೋರ್ಟಿನ ಮೂಲಕ ವಿಚ್ಛೇದನ ಕೊಡಬಹುದು ಅಂದರು. ಅದರ ಫಲವೇ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ ಅಂತ ಅದು ಹೇಳಿತು, ಬದಲಿಗೆ ವಿಚ್ಛೇದನಕ್ಕೆ ಸರಿಯಾದ ಕಾರಣಗಳ ಪಟ್ಟಿ ಕೊಟ್ಟಿತು.

ಆ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. ಕ್ರೌರ್ಯ ಅಂದರೆ ಏನು ಅನ್ನುವುದನ್ನು ಅದು ಬಿಡಿಸಿ ಹೇಳುತ್ತದೆ. ಪದೇಪದೇ ಹೊಡೆಯುವುದು, ಅವಳ ಆಸ್ತಿ ಮಾರುವುದು, ಒಬ್ಬಳಿಗಿಂತ ಹೆಚ್ಚು ಹೆಂಡತಿಯರಿದ್ದರೆ ಸಮಾನವಾಗಿ ನೋಡಿಕೊಳ್ಳದಿರುವುದು. ಅದರ ನಡುವೆ ಒಂದು ಸಾಲು ಬರುತ್ತದೆ: ಅವಳ ಧರ್ಮದ ಆಚರಣೆಗೆ ಗಂಡ ಅಡ್ಡಿ ಮಾಡಿದರೆ ಅದೂ ಕ್ರೌರ್ಯವೇ. 1939ರಲ್ಲಿ! ಜೊತೆಗೆ ಇನ್ನೊಂದು ವಿನಾಯಿತಿಯೂ ಇದೆ. ಬೇರೆ ಧರ್ಮದಿಂದ ಇಸ್ಲಾಮಿಗೆ ಬಂದ ಹೆಂಗಸು ತನ್ನ ಹಳೆಯ ಧರ್ಮಕ್ಕೆ ಮರಳಿದರೆ, ಧರ್ಮ ಬಿಟ್ಟ ಮಾತ್ರಕ್ಕೆ ಮದುವೆ ಮುರಿಯದು ಅನ್ನುವ ಹೊಸ ನಿಯಮ ಅವಳಿಗೆ ಅನ್ವಯಿಸುವುದಿಲ್ಲ, ಅಂದರೆ ಹಳೆಯ ನಿಯಮದಂತೆ ಮದುವೆ ಅಲ್ಲಿಗೇ ಮುಗಿಯುತ್ತದೆ. ಮದುವೆಗೋಸ್ಕರ ಮತಾಂತರವಾದ ಹುಡುಗಿಯರ ಬಗ್ಗೆ ಇಷ್ಟೆಲ್ಲ ಕೂಗಾಡುವ ನಮ್ಮ ಚರ್ಚೆಗಳಲ್ಲಿ ಈ ಎರಡು ಸಾಲುಗಳ ಹೆಸರೇ ಬರುವುದಿಲ್ಲ. ಅವಳಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ವಿಷಯ ಇದೇ ಅಲ್ವಾ?

ಸ್ವಾತಂತ್ರ್ಯ ಬಂದ ಮೇಲೆ 1954ರ ವಿಶೇಷ ವಿವಾಹ ಕಾಯ್ದೆ ಬಂತು. ಯಾರೂ ಧರ್ಮ ಬಿಡಬೇಕಾಗಿಲ್ಲ. ಒಳ್ಳೆಯದೇ. ಆದರೆ ಅದರಲ್ಲಿ 30 ದಿನಗಳ ನೋಟಿಸ್ ಇಟ್ಟರು. ಇಬ್ಬರ ವಿವರವೂ ವಿವಾಹಾಧಿಕಾರಿಯ ಕಚೇರಿಯ ಗೋಡೆಗೆ ಅಂಟುತ್ತದೆ. ಯಾರು ಬೇಕಾದರೂ ನೋಡಬಹುದು, ಕಾನೂನಿನ ಷರತ್ತು ಮೀರಿದೆ ಅನಿಸಿದರೆ ಆಕ್ಷೇಪ ಸಲ್ಲಿಸಬಹುದು. ಮನೆಯವರಿಗೆ ಹೆದರಿ ಓಡಿ ಬಂದ ಜೋಡಿಗೆ 30 ದಿನ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ, ಅಣ್ಣ, ಊರಿನ ಸಂಘಟನೆಯವರು ಎಲ್ಲರೂ ಬರಲು ಸಾಕಾಗುವಷ್ಟು ಸಮಯ. ಅದಕ್ಕೇ ಜೋಡಿಗಳು ಅಡ್ಡದಾರಿ ಹಿಡಿಯುತ್ತವೆ. ಒಂದು ದಿನದಲ್ಲಿ ಶುದ್ಧಿ (ಹಿಂದೂ ಧರ್ಮಕ್ಕೆ ಸೇರಿಸುವ ವಿಧಿ) ಮಾಡಿಸಿಕೊಂಡು ತಾಳಿ, ಅಥವಾ ಕಲಿಮಾ (ಇಸ್ಲಾಮಿಗೆ ಸೇರುವ ಘೋಷಣೆ) ಓದಿ ನಿಕಾಹ್. ಹೆಚ್ಚಾಗಿ ಧರ್ಮ ಬದಲಿಸುವವಳು ಹುಡುಗಿಯೇ. 'ಬರೀ ಪೇಪರಿಗೆ ಅಷ್ಟೇ, ಆಮೇಲೆ ನಿನ್ನಿಷ್ಟ' ಅನ್ನುವ ಮಾತು ಆಗಲೇ ಬರುವುದು. ಈ ನೋಟಿಸ್ ಪ್ರಕಟಿಸುವುದು ಜೋಡಿಯ ಆಯ್ಕೆಗೆ ಬಿಟ್ಟದ್ದು ಅಂತ ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು, ಆದರೆ ಕಾಯ್ದೆಯ ಸಾಲುಗಳು ಹಾಗೇ ಇವೆ.

ಪೇಪರಿಗೆ ಅಷ್ಟೇ ಅನ್ನುವ ಆ ಮತಾಂತರ ಮುಂದೆ ಏನೇನು ಮಾಡುತ್ತದೆ ನೋಡಿ. ನಿಕಾಹ್ ಆದವಳು ಮುಸ್ಲಿಂ ವೈಯಕ್ತಿಕ ಕಾನೂನಿನ ಒಳಗೆ ಬರುತ್ತಾಳೆ, ಗಂಡ ಇನ್ನೊಂದು ಮದುವೆಯಾದರೆ ಹೆಚ್ಚಿನ ರಾಜ್ಯಗಳಲ್ಲಿ ಅದು ಅಪರಾಧವಲ್ಲ. ಮತಾಂತರದ ನಂತರ ಹುಟ್ಟಿದ ಅವಳ ಮಕ್ಕಳು ಅಜ್ಜ-ಅಜ್ಜಿ ತೀರಿಕೊಂಡ ಹೊತ್ತಿಗೆ ಹಿಂದೂಗಳಾಗಿಲ್ಲದಿದ್ದರೆ ಆ ಹಿಂದೂ ಅಜ್ಜ-ಅಜ್ಜಿಯ ಆಸ್ತಿಯಲ್ಲಿ ಅವರಿಗೆ ವಾರಸುದಾರಿಕೆ ಇಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೇಳುತ್ತದೆ. ಇನ್ನೊಂದು ದಿಕ್ಕಿನಿಂದ ನೋಡೋಣ. ಶುದ್ಧಿ ಮಾಡಿಸಿಕೊಂಡು ಹಿಂದೂ ಗಂಡನನ್ನು ಕಟ್ಟಿಕೊಂಡವಳು ಏಟು ತಿಂದು ಸಾಕಾಗಿ ತನ್ನ ಮಸೀದಿಗೋ ಚರ್ಚಿಗೋ ಮರಳಿದಳು ಅಂದುಕೊಳ್ಳಿ. 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಗಂಡನಿಗೆ ಅದೇ ವಿಚ್ಛೇದನಕ್ಕೆ ಕಾರಣ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅವಳಿಗೆ ಪ್ರತ್ಯೇಕ ವಾಸ ಮತ್ತು ಜೀವನಾಂಶದ ಹಕ್ಕನ್ನೇ ತೆಗೆಯುತ್ತದೆ. ಅದೇ ವರ್ಷದ ಪೋಷಕತ್ವ ಕಾಯ್ದೆ ಪ್ರಕಾರ ಹಿಂದೂ ಧರ್ಮ ಬಿಟ್ಟವರು ಮಗುವಿನ ಸಹಜ ಪೋಷಕರಾಗುವ ಹಾಗಿಲ್ಲ. ಹೊಡೆದವನ ಧರ್ಮ ಬದಲಾಗಿಲ್ಲ ನೋಡಿ, ಹಾಗಾಗಿ ಈ ಮೂರರಲ್ಲಿ ಒಂದೂ ಅವನ ಮೇಲೆ ಬೀಳುವುದಿಲ್ಲ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಈ ತಾಪತ್ರಯ ಇಲ್ಲವಾ ಅಂದರೆ, ಕಾಗದದ ಮೇಲೆ ಇಲ್ಲ. ಗುಜರಾತಿನ ವಲ್ಸಾಡಿನ ಒಬ್ಬ ಪಾರ್ಸಿ ಮಹಿಳೆಯ ಪ್ರಕರಣ ಇದೆ. ಹಿಂದೂ ಗಂಡನನ್ನು ಇದೇ ಕಾಯ್ದೆಯಡಿ ಮದುವೆಯಾದವರು, ಧರ್ಮ ಬದಲಿಸಿದವರಲ್ಲ. ಅವರದ್ದು ಮನೆಯೊಳಗಿನ ಹಿಂಸೆಯ ಪ್ರಕರಣವಲ್ಲ, ತೊಂದರೆ ಬಂದದ್ದು ಸಮುದಾಯದಿಂದ. ತಂದೆ-ತಾಯಿಯ ಅಂತ್ಯಕ್ರಿಯೆಗೆ ಒಳಗೆ ಬಿಡುತ್ತಾರಾ ಅನ್ನುವುದು ಪ್ರಶ್ನೆ. ಮದುವೆಯಾದ ಮೇಲೆ ಹೆಂಡತಿಯ ಧರ್ಮ ಗಂಡನ ಧರ್ಮದಲ್ಲಿ ಸೇರಿಹೋಗುತ್ತದೆ ಅನ್ನುವ ಅರ್ಥದಲ್ಲಿ ಗುಜರಾತ್ ಹೈಕೋರ್ಟ್ 2012ರಲ್ಲಿ ತೀರ್ಪು ಕೊಟ್ಟಿತು. 2012, ಗಮನಿಸಿ, 1812 ಅಲ್ಲ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಮೇಲ್ನೋಟಕ್ಕೆ ಒಪ್ಪಲಾಗದು ಅಂದ ಮೇಲೆ ಅಲ್ಲಿನ ಪಾರ್ಸಿ ಅಂಜುಮನ್ (ಸಮುದಾಯದ ಟ್ರಸ್ಟ್) ಅವರನ್ನು ಒಳಗೆ ಬಿಡಲು ಒಪ್ಪಿತು. ಹೈಕೋರ್ಟೇ ಹಾಗೆ ಯೋಚಿಸಿದ ಮೇಲೆ, 'ನನ್ನನ್ನು ಕಟ್ಕೊಂಡ ಮೇಲೆ ನಂದೇ ಧರ್ಮ' ಅನ್ನುವ ಗಂಡನಿಗೆ ಏನು ಹೇಳುವುದು?

ಈಗ ನಮ್ಮ ರಾಜ್ಯಕ್ಕೆ ಬರೋಣ. 2009ರಲ್ಲಿ 'ಲವ್ ಜಿಹಾದ್' ಅನ್ನುವ ಪದ ಕರ್ನಾಟಕ ಮತ್ತು ಕೇರಳದಲ್ಲಿ ಜೋರಾಗಿ ಓಡಾಡಿತು. ಕರ್ನಾಟಕ ಹೈಕೋರ್ಟ್ ತನಿಖೆಗೂ ಹೇಳಿತು, ಸಂಘಟಿತ ಸಂಚು ಇದೆ ಅನ್ನುವುದು ಪೊಲೀಸರಿಗೆ ಸಿಗಲಿಲ್ಲ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಸಚಿವಾಲಯವೂ ಲೋಕಸಭೆಯಲ್ಲಿ ಅಂಥ ಪದ ಕಾನೂನಿನಲ್ಲಿ ಇಲ್ಲ, ಕೇಂದ್ರದ ಸಂಸ್ಥೆಗಳು ಅಂಥ ಪ್ರಕರಣ ವರದಿ ಮಾಡಿಲ್ಲ ಅಂದಿತು. ಕೇರಳದಲ್ಲಿ ಒಬ್ಬ ವಯಸ್ಕ ಯುವತಿಯ ಮದುವೆಯನ್ನೇ ಅಲ್ಲಿನ ಹೈಕೋರ್ಟ್ 2017ರಲ್ಲಿ ರದ್ದು ಮಾಡಿ ಅಪ್ಪನ ಮನೆಗೆ ಕಳಿಸಿತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ತೆಗೆದುಹಾಕುವ ಹೊತ್ತಿಗೆ ಅವಳು ತಿಂಗಳುಗಟ್ಟಲೆ ತವರಿನಲ್ಲಿ ಕಾವಲಿನಲ್ಲಿ ಇದ್ದು ಬಂದಿದ್ದಳು. ಬಲವಂತ ಬರೀ ಗಂಡನ ಕಡೆಯಿಂದಲೇ ಬರಬೇಕು ಅಂತೇನೂ ಇಲ್ಲ.

ಉತ್ತರ ಪ್ರದೇಶ 2020ರಲ್ಲಿ ಮತಾಂತರದ ಮೇಲೆ ಸುಗ್ರೀವಾಜ್ಞೆ ತಂದ ಮೇಲೆ ಒಂದರ ಹಿಂದೆ ಒಂದು ರಾಜ್ಯ ಅದೇ ದಾರಿ ಹಿಡಿಯಿತು. ಕರ್ನಾಟಕದ ಕಾಯ್ದೆ ಬಂದದ್ದು 2022ರಲ್ಲಿ. ಮತಾಂತರಕ್ಕೆ 30 ದಿನ ಮೊದಲು ಜಿಲ್ಲಾಧಿಕಾರಿಗೆ ನೋಟಿಸ್, ಹೆಣ್ಣನ್ನು ಕಾನೂನುಬಾಹಿರವಾಗಿ ಮತಾಂತರ ಮಾಡಿದರೆ 3ರಿಂದ 10 ವರ್ಷ ಜೈಲು, ಬರೀ ಅಂಥ ಮತಾಂತರಕ್ಕಾಗಿಯೇ ಆದ ಮದುವೆ ಅಸಿಂಧು. ದೂರು ಕೊಡಲು ಅವಳೇ ಬೇಕಾಗಿಲ್ಲ. ಅಪ್ಪ, ಅಮ್ಮ, ಅಣ್ಣ, ನೆಂಟರು, ಸಹೋದ್ಯೋಗಿ ಕೂಡ ಕೊಡಬಹುದು. ಹಿಂದಿನ ಧರ್ಮಕ್ಕೆ ಮರಳಿದರೆ ಅದು ಮತಾಂತರವೇ ಅಲ್ಲ. 2023ರ ಜೂನಿನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನ ಮಾಡಿತು.

ಈ ಕಾಯ್ದೆಯನ್ನು ಬೆಂಬಲಿಸುವವರು ಹೇಳುವುದರಲ್ಲಿ ಒಂದು ಮಾತು ನಿಜ: ಮೋಸ ಹೋದ ಹೆಣ್ಣಿಗೆ ಏನಾದರೂ ಬೇಕು. ಆದರೆ ಭಾನುವಾರ ಬಾಗಿಲಿಗೆ ಚಿಲಕ ಹಾಕಿ ಚರ್ಚಿಗೆ ಹೋಗದ ಹಾಗೆ ಮಾಡುವ ಗಂಡನನ್ನು ಇದು ಮುಟ್ಟುವುದಿಲ್ಲ, ಯಾಕೆಂದರೆ ಅಲ್ಲಿ ಮತಾಂತರ ಆಗಿಲ್ಲ. ಹೊಡೆದು ಬಡಿದು ಹಳೆಯ ಧರ್ಮಕ್ಕೆ ಎಳೆದು ತರುವ ಅಣ್ಣನನ್ನೂ ಮುಟ್ಟುವುದಿಲ್ಲ. ಇನ್ನೊಂದು ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದ ಸರಾಸರಿ ಶೇ. 29. ನಮ್ಮ ದೇಶದಲ್ಲಿ ಮದುವೆಯಾದವರಲ್ಲಿ ಶೇ. 99ರಷ್ಟು ಮಂದಿಯ ಸಂಗಾತಿ ಅದೇ ಧರ್ಮದವರು ಅಂತ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆ ಹೇಳುತ್ತದೆ. ಎರಡನ್ನೂ ಜೋಡಿಸಿ ನೋಡಿದರೆ ಹೊಡೆಯುವ ಗಂಡಂದಿರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ.

ಹಾಗಂತ ಅಂತರ್ಧರ್ಮೀಯ ಮದುವೆಯವಳ ಕಷ್ಟ ಎಲ್ಲರ ಕಷ್ಟದ ಹಾಗೇ ಅಂದುಬಿಟ್ಟರೆ ಅದೂ ತಪ್ಪು. ಬೇರೆಯವಳಿಗೆ ಕೊನೆಗೆ ತವರಿನ ಬಾಗಿಲಾದರೂ ಇರುತ್ತದೆ. ಇವಳು ಆ ಬಾಗಿಲು ಮುಚ್ಚಿಸಿಕೊಂಡೇ ಬಂದವಳು. 'ನಾವು ಆವತ್ತೇ ಹೇಳಿರಲಿಲ್ವಾ' ಅನ್ನುವ ಮಾತಿಗೆ ಹೆದರಿ ಎಷ್ಟೋ ವರ್ಷ ಬಾಯಿ ಬಿಡುವುದಿಲ್ಲ. ಅದು ಗಂಡನಿಗೂ ಚೆನ್ನಾಗಿ ಗೊತ್ತು. ಅವಳು ಬಾಯಿಬಿಟ್ಟರೆ ಊರು ಅದನ್ನು ಒಂದು ಧರ್ಮದ ವಿರುದ್ಧದ ಸಾಕ್ಷಿ ಮಾಡಿಕೊಳ್ಳುತ್ತದೆ, ಬಾಯಿಬಿಡದಿದ್ದರೆ ಇನ್ನೊಂದು ಗುಂಪು 'ನೋಡಿ, ಎಷ್ಟು ಚೆನ್ನಾಗಿದ್ದಾರೆ' ಅನ್ನುತ್ತದೆ.

ಧರ್ಮ ಕೇಳದೆ ಏಟಿನ ಬಗ್ಗೆ ಕೇಳುವ ಕಾನೂನುಗಳು ತಡವಾಗಿ ಬಂದವು. ಹೆಂಡತಿಗೆ ಕ್ರೌರ್ಯ ತೋರುವ ಗಂಡ ಮತ್ತು ಅವನ ನೆಂಟರಿಗೆ ಶಿಕ್ಷೆ ಕೊಡುವ 498ಎ ಕಲಂ 1983ರಲ್ಲಿ ಐಪಿಸಿಗೆ ಸೇರಿತು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ. ಅದಕ್ಕಿಂತ ಉಪಯೋಗದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅದು ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ. ತಾಳಿಯೋ ನಿಕಾಹೋ ನೋಂದಣಿಯೋ ಅಂತ ಅದು ಕೇಳುವುದಿಲ್ಲ. ಮದುವೆ ಸಿಂಧುವಲ್ಲ ಅಂತ ಗಂಡ ವಾದಿಸಿದರೂ, ಮದುವೆಯಂಥ ಸಂಬಂಧ ಇತ್ತು ಅಂತ ತೋರಿಸಿದರೆ ನಡೆಯುತ್ತದೆ. ಅವಳು ವಾಸವಿದ್ದ ಮನೆಯಿಂದ ಸುಮ್ನೆ ಹೊರಗೆ ಹಾಕುವ ಹಾಗಿಲ್ಲ. ಮಕ್ಕಳ ತಾತ್ಕಾಲಿಕ ಸುಪರ್ದಿ, ಖರ್ಚಿಗೆ ಹಣ, ಹತ್ತಿರ ಬರದಂತೆ ಆದೇಶ, ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ಕರ್ನಾಟಕದಲ್ಲಿ ಇದಕ್ಕೆ ಸಂರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಡಿಪಿಒ. ಅವರ ಕಚೇರಿಗೆ ಹೋಗಬಹುದು, ನೊಂದ ಹೆಂಗಸರಿಗೆ ನೆರವಾಗುವ ಸಾಂತ್ವನ ಕೇಂದ್ರಕ್ಕೆ ಹೋಗಬಹುದು, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು.

ಒಂದು ಕೊರತೆ ಮಾತ್ರ ಇದೆ. 1939ರ ಕಾಯ್ದೆಯಲ್ಲಿದ್ದ ಆ ಸಾಲು 2005ರ ಕಾಯ್ದೆಯಲ್ಲಿ ಇಲ್ಲ. ಬೈಗುಳ, ಅವಮಾನ, ಗಂಡುಮಗು ಹೆರಲಿಲ್ಲ ಅನ್ನುವ ಚುಚ್ಚುಮಾತು ಎಲ್ಲ ಮಾನಸಿಕ ಹಿಂಸೆಯ ವಿವರಣೆಯಲ್ಲಿ ಇವೆ, ಧರ್ಮದ ಆಚರಣೆಗೆ ಅಡ್ಡಿ ಅನ್ನುವುದು ಹೆಸರು ಹಿಡಿದು ಇಲ್ಲ. ಆ ವಿವರಣೆ ಅಗಲವಾಗಿದೆ, ಅದರೊಳಗೆ ಇದನ್ನೂ ತರಬಹುದು. ಆದರೆ ತಾನಾಗಿ ಯಾರೂ ತರುವುದಿಲ್ಲ. ಅದಕ್ಕೇ ದೂರು ಬರೆಸುವಾಗ 'ಕಿರುಕುಳ ಕೊಡುತ್ತಾರೆ' ಅಂತ ಒಂದೇ ಮಾತಿನಲ್ಲಿ ಮುಗಿಸದೆ, ಯಾವ ದಿನ ಯಾವ ಪೂಜೆಗೆ ಅಥವಾ ಪ್ರಾರ್ಥನೆಗೆ ಹೋಗಲು ಬಿಡಲಿಲ್ಲ, ಯಾವ ಪುಸ್ತಕ ಹರಿದರು, ಅದಕ್ಕೆ ಮೊದಲು ಏನು ಹೇಳಿದರು, ಮಗುವಿಗೆ ಏನು ಮಾಡಿಸಿದರು ಅಂತ ಬಿಡಿಬಿಡಿಯಾಗಿ, ತಾರೀಖಿನ ಸಮೇತ ಬರೆಸಬೇಕು. ಮತಾಂತರದ ಸರ್ಟಿಫಿಕೇಟ್ ಆಗಿದ್ದರೆ ಅದರ ಪ್ರತಿಯನ್ನೂ, ಮದುವೆಗೆ ಮೊದಲು 'ಬರೀ ಪೇಪರಿಗೆ ಅಷ್ಟೇ' ಅಂತ ಕಳಿಸಿದ ಮೆಸೇಜ್ ಉಳಿದಿದ್ದರೆ ಅದನ್ನೂ ಜೊತೆಗೆ ಇಡಬೇಕು.