ಪಳಗಿದ ನಾಯಿ, ಪಳಗಿದ ಕೈ

ಕಳೆದ ತಿಂಗಳು ಮಂಡ್ಯದಿಂದ ನನ್ನ ಅತ್ತೆಯ ಮಗಳು ವಾಟ್ಸಾಪ್‌ನಲ್ಲಿ ಒಂದು ಕರಪತ್ರ ಕಳಿಸಿದಳು. ಅವಳು ಗಾಲಿಕುರ್ಚಿಯಲ್ಲಿ ಓಡಾಡುವವಳು. ಕೆಳಗೆ ಬಿದ್ದ ಬೀಗದ ಕೈ ಎತ್ತಿಕೊಡಲು, ಬಾಗಿಲು ಎಳೆಯಲು ಒಂದು ನಾಯಿ ಇದ್ದರೆ ಹೇಗೆ ಅನ್ನುವ ಯೋಚನೆ ಅವಳಿಗೆ ಬಹಳ ದಿನದಿಂದ ಇದೆ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಸರ್ಟಿಫೈಡ್, ಪಳಗಿದ ತರಬೇತುದಾರರಿಂದ 45 ದಿನಗಳಲ್ಲಿ ಸರ್ವಿಸ್ ಡಾಗ್.’ ಅದೇ ವಾರ ಮೈಸೂರಿನ ಕುವೆಂಪುನಗರದಲ್ಲಿ ಇನ್ನೊಂದು ಬೋರ್ಡು ಕಂಡಿತು. ಅದರಲ್ಲೂ ‘ಪಳಗಿದ ಟೀಮ್’. ಸರ್ಟಿಫಿಕೇಟ್ ಇದ್ದರೆ ಪಳಗಿದವರು, ಪಳಗಿದವರು ಅಂದರೆ ಸರ್ಟಿಫಿಕೇಟ್ ಇರುವವರು ಅಂತ ಈ ಎರಡು ಮಾತನ್ನೂ ಒಂದೇ ಮಾಡಿಬಿಟ್ಟಿದ್ದಾರೆ. ಇದನ್ನು ಎಷ್ಟು ಸಲ ಅಂತ ನೋಡುವುದು?

‘ಪಳಗು’ ನಮಗೆಲ್ಲ ಗೊತ್ತಿರುವ ಪದ. ಆದರೆ ಅದಕ್ಕೆ ಎರಡು ಮುಖ ಇರುವುದು ಮರೆತುಹೋಗುತ್ತದೆ. ಪ್ರಾಣಿ ಪಳಗಿತು ಅಂದರೆ ಅದರ ಕಾಡುತನ ಇಳಿಯಿತು, ಮನುಷ್ಯನ ಜೊತೆಗೆ ಹೊಂದಿಕೊಂಡಿತು ಎಂದು. ಕೈ ಪಳಗಿತು ಅಂದರೆ ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿ ಅದು ಕೈಗೆ ಕೂತಿತು ಎಂದು. ಈ ಎರಡೂ ಅರ್ಥ ಒಂದೇ ಕಡೆ ಕೂಡುವುದನ್ನು ನೋಡಬೇಕಾದರೆ ಮೈಸೂರಿನವರು ದೂರ ಹೋಗಬೇಕಿಲ್ಲ. 2020ರಿಂದ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯುವನ್ನು ‘ಪಳಗಿದ ಆನೆ’ ಅನ್ನುತ್ತೇವೆ. ಅವನು ಸಾಕಿದ ಆನೆ ಅನ್ನುವುದು ಒಂದು ಅರ್ಥ. ಕಾಡಾನೆ, ಹುಲಿ ಹಿಡಿಯುವ ಎಷ್ಟೋ ಕಾರ್ಯಾಚರಣೆಗೆ ಹೋಗಿ ಬಂದು ಆ ಕೆಲಸದಲ್ಲಿ ಅನುಭವಿಯಾದವನು ಅನ್ನುವುದು ಇನ್ನೊಂದು. ಮೊದಲನೆಯ ಅರ್ಥದಲ್ಲಿ ಪಳಗಿದ ಆನೆಗಳು ಶಿಬಿರದಲ್ಲಿ ಬೇಕಾದಷ್ಟಿವೆ. ಎರಡನೆಯ ಅರ್ಥದಲ್ಲಿ ಪಳಗಿದವು ಕೆಲವೇ.

ಪದದ ಹುಟ್ಟು ಇನ್ನೂ ಚೆಂದ. ಹಳಗನ್ನಡದಲ್ಲಿ ಇದು ‘ಪೞಗು’. ನಡುವೆ ಇದ್ದದ್ದು ನಾವು ಕಳೆದುಕೊಂಡ ೞ ಅಕ್ಷರ. ತಮಿಳಿನವರು ಅದನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಅವರ ‘ಪೞಗು’ ಅಂದರೆ ರೂಢಿಯಾಗು, ಅಭ್ಯಾಸ ಮಾಡು, ಒಬ್ಬರ ಜೊತೆ ಒಡನಾಡು. ಇಬ್ಬರು ಹೊಸಬರು ನಾಲ್ಕು ದಿನ ಸೇರಿ ಮಾತಾಡಿ ಹತ್ತಿರವಾದರೆ ಅದೂ ಅಲ್ಲಿ ‘ಪೞಗುವುದೇ’. ಪರಿಚಯಕ್ಕೂ ಅಭ್ಯಾಸಕ್ಕೂ ಅವರಲ್ಲಿ ‘ಪೞಕ್ಕಂ’ ಅನ್ನುವ ಒಂದೇ ಮಾತು. ಕನ್ನಡದಲ್ಲಿ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಈ ಪದ ಮಾತ್ರ ತನ್ನ ‘ಪ’ವನ್ನು ಬಿಟ್ಟುಕೊಡಲಿಲ್ಲ. ‘ಹಳಗು’ ಅಂತ ಯಾರೂ ಹೇಳುವುದಿಲ್ಲ ಅಲ್ವಾ?

ಅಂದರೆ ಈ ಪದದೊಳಗೆ ಕಾಲ ಇದೆ, ಒಡನಾಟ ಇದೆ. ಒಂದು ದಿನದ ಪರೀಕ್ಷೆಯಿಂದ ಯಾರೂ ಪಳಗುವುದಿಲ್ಲ.

ಇದರ ನೆರೆಹೊರೆಯ ಪದಗಳನ್ನೂ ನೋಡಿ. ‘ನುರಿ’ ಅಂದರೆ ಅರೆ, ಪುಡಿಯಾಗು. ಅದರಿಂದಲೇ ‘ನುರಿತ’ ಬಂತು. ಕೆಲಸದಲ್ಲಿ ಅರೆದು ನುಣ್ಣಗಾದವನು ನುರಿತವನು. ‘ತರಬೇತಿ’ ಅರಬ್ಬಿಯ ತರ್ಬಿಯತ್‌ನಿಂದ ಪಾರ್ಸಿಯ ದಾರಿ ಹಿಡಿದು ಬಂದದ್ದು. ಮೂಲದಲ್ಲಿ ಅದು ಸಾಕುವುದು, ಬೆಳೆಸುವುದು. ಮಗುವನ್ನು ಬೆಳೆಸುವುದಕ್ಕೂ ಅದೇ ಮಾತು. ಇನ್ನು ‘ಸರ್ಟಿಫೈ’ ಲ್ಯಾಟಿನ್ನಿನ ಕೂಸು, ಖಚಿತಪಡಿಸು ಅಂತ ಅರ್ಥ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದೇ: ಏನನ್ನು ಖಚಿತಪಡಿಸಿದರು?

ಅಮೆರಿಕದಲ್ಲಿ ನಾಯಿ ತರಬೇತುದಾರರನ್ನು ಪರೀಕ್ಷಿಸಲೆಂದು 2001ರಲ್ಲಿ ಸಿಸಿಪಿಡಿಟಿ ಅನ್ನುವ ಮಂಡಳಿ ಶುರುವಾಯಿತು. ಅದರ ಒಂದು ಅರ್ಹತೆಯ ಹೆಸರು ಸಿಪಿಡಿಟಿ-ಕೆಎ. ಕೊನೆಯ ಎರಡು ಅಕ್ಷರದ ಅರ್ಥ ‘ಜ್ಞಾನವನ್ನು ಅಳೆಯಲಾಗಿದೆ’ ಅಂತ. ಹಿಂದಿನ 3 ವರ್ಷದಲ್ಲಿ ಕನಿಷ್ಠ 300 ಗಂಟೆ ನಾಯಿ ಕಲಿಸಿದ ಅನುಭವ ತೋರಿಸಬೇಕು, ಆಮೇಲೆ ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಅದೇ ಮಂಡಳಿ ಸಿಪಿಡಿಟಿ-ಕೆಎಸ್‌ಎ ಅನ್ನುವ ಇನ್ನೊಂದನ್ನೂ ಇಟ್ಟಿತು. ಅಲ್ಲಿ ನಡುವೆ ಬಂದ ಒಂದು ‘ಎಸ್’ ಕೌಶಲಕ್ಕೆ. ಅದಕ್ಕೆ ತಾನು ನಾಯಿಯ ಜೊತೆ ಕೆಲಸ ಮಾಡುವ ವಿಡಿಯೊ ಕೊಡಬೇಕು, ಬಲ್ಲವರು ಅದನ್ನು ನೋಡಿ ಅಳೆಯುತ್ತಾರೆ. ಈ ಒಂದು ಅಕ್ಷರದ ವ್ಯತ್ಯಾಸವೇ ನಾನು ಇಷ್ಟು ಹೊತ್ತು ಹೇಳುತ್ತಿರುವುದು. ಈಜಿನ ಬಗ್ಗೆ ಬರೆದ ಉತ್ತರಕ್ಕೆ ನೂರಕ್ಕೆ ನೂರು ಕೊಡಬಹುದು. ಆದರೆ ಕಾವೇರಿಗೆ ಇಳಿಸದೆ ಈಜುಗಾರ ಅನ್ನಲಾಗುತ್ತದೆಯೇ? ಇನ್ನೊಂದು ಮಾತು. ಇವೆರಡೂ ಸಾಮಾನ್ಯ ನಾಯಿ ತರಬೇತಿಗೆ ಸಂಬಂಧಿಸಿದವು. ಸರ್ವಿಸ್ ಡಾಗ್ ಕಲಿಸುವ ಕೆಲಸವನ್ನು ಇವು ಪ್ರತ್ಯೇಕವಾಗಿ ಅಳೆಯುವುದಿಲ್ಲ.

ನೆರವಿನ ನಾಯಿಗಳನ್ನು ಕಲಿಸಿ ಕೊಡುವ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟ ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್. ಅದು ಮಾನ್ಯತೆ ಕೊಡುವುದು ಸಂಸ್ಥೆಗಳಿಗೆ. ಅಲ್ಲಿ ಕೆಲಸ ಮಾಡಿ ಹೊರಬಂದ ಒಬ್ಬೊಬ್ಬರಿಗೂ ಆ ಮಾನ್ಯತೆ ಅಂಟಿಕೊಂಡು ಬರುವುದಿಲ್ಲ. ಇನ್ನು ‘ಸರ್ವಿಸ್ ಡಾಗ್’ ಅನ್ನುವ ಮಾತು. ನಮ್ಮಲ್ಲಿ ಪೊಲೀಸ್ ನಾಯಿಗೂ ಹಾಗೇ ಅನ್ನುತ್ತಾರೆ, ಸುಮ್ನೆ ಮುದ್ದಿಗೆ ಸಾಕಿದ ನಾಯಿಗೂ ಕೆಲವರು ಅನ್ನುತ್ತಾರೆ. ಅಮೆರಿಕದ ಕಾನೂನಿನಲ್ಲಿ ಅರ್ಥ ಬಿಗಿಯಾಗಿದೆ: ಅಂಗವೈಕಲ್ಯ ಇರುವ ಒಬ್ಬರಿಗಾಗಿ ನಿರ್ದಿಷ್ಟ ಕೆಲಸ ಕಲಿತ ನಾಯಿ. ಪಕ್ಕದಲ್ಲಿ ಕೂತು ಸಮಾಧಾನ ಕೊಡುವುದಷ್ಟೇ ಆದರೆ ಆ ಹೆಸರಿಲ್ಲ. ಅಲ್ಲಿ ನಾಯಿಗೆ ಸರ್ಟಿಫಿಕೇಟ್ ಇರಬೇಕೆಂದೂ ಕಾನೂನು ಕೇಳುವುದಿಲ್ಲ, ಬೇಕಾದವರು ತಾವೇ ಕಲಿಸಿಕೊಳ್ಳಬಹುದು. ಹಾಗಾಗಿ ‘ಅಮೆರಿಕದ ಸರ್ಟಿಫಿಕೇಟ್ ಪಡೆದ ಸರ್ವಿಸ್ ಡಾಗ್’ ಅಂತ ಯಾರಾದರೂ ಹೇಳಿದರೆ ಅದು ಯಾವ ಕಾಗದ ಅಂತ ಕೇಳಿ.

ಸರಿ, ಕೈ ಪಳಗಿದೆ ಅಂತ ತಿಳಿಯುವುದು ಹೇಗೆ?

ಕುವೆಂಪುನಗರದ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದ್ದನ್ನು ಹೇಳುತ್ತೇನೆ. ಲ್ಯಾಬ್ರಡಾರ್ ಮರಿ. ಕಲಿಸುವವರು ‘ಸಿಟ್’ ಅಂದರು. ಮರಿ ಕೂರಲಿಲ್ಲ. ‘ಸಿಟ್, ಸಿಟ್, ಸಿಟ್’ ಅಂದರು. ನಾಲ್ಕನೆಯದಕ್ಕೆ ಕೂತಿತು. ಅವರು ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಪ್ಲಾಸ್ಟಿಕ್ ಕವರು ಜೇಬಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸಿ ಬಿಸ್ಕತ್ತು ತೆಗೆಯುವ ಹೊತ್ತಿಗೆ ಮರಿ ಎದ್ದು ನಿಂತು ಅವರ ಕೈಗೆ ಮೂಗು ತೂರಿಸುತ್ತಿತ್ತು. ಬಿಸ್ಕತ್ತು ಆಗ ಸಿಕ್ಕಿತು. ಆ ಮರಿ ಕಲಿತದ್ದೇನು? ನಾಲ್ಕು ಸಲ ಕೂಗುವವರೆಗೆ ಕಾಯಬೇಕು, ಆಮೇಲೆ ಎದ್ದು ನಿಂತು ಕೈಗೆ ಮೂಗು ತೂರಿಸಿದರೆ ತಿಂಡಿ. ನಾಯಿ ಸರಿಯಾಗೇ ಕಲಿಯಿತು. ತಡವಾದದ್ದು ಕೈ. ಮೆಚ್ಚುಗೆ ಆ ಕ್ಷಣಕ್ಕೇ, ಒಂದು ಸೆಕೆಂಡಿನ ಒಳಗೇ ತಲುಪಬೇಕು ಅಂತ ಪುಸ್ತಕದಲ್ಲಿ ಅವರೂ ಓದಿರುತ್ತಾರೆ, ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತೂ ಹಾಕಿರುತ್ತಾರೆ. ಕೈಗೆ ಅದು ಇಳಿದಿರಲಿಲ್ಲ. ಮರಿ ಆಮೇಲೆ ಆಕಳಿಸಿತು, ತುಟಿ ನೆಕ್ಕಿತು, ಮುಖ ಆ ಕಡೆ ತಿರುಗಿಸಿತು. ಬೇಸರಕ್ಕೋ ಒತ್ತಡಕ್ಕೋ ಒಳಗಾದ ನಾಯಿ ಹೀಗೇ ಹೇಳುವುದು. ಅವರು ಅದನ್ನು ನೋಡಲಿಲ್ಲ. ಇನ್ನೊಂದು ‘ಸಿಟ್’ ಅಂದರು.

ತರಬೇತುದಾರರನ್ನು ಅಳೆಯುವವರು ಮೊದಲು ನೋಡುವುದು ಇವೇ. ಕೈಯ ವೇಳೆ, ಕಣ್ಣಿನ ಎಚ್ಚರ, ಎಲ್ಲಿ ನಿಲ್ಲಿಸಬೇಕು ಅನ್ನುವ ತಿಳಿವು. ನಾಯಿ ಕೂತಿತಾ ಇಲ್ಲವಾ ಅನ್ನುವುದು ಆಮೇಲಿನ ಮಾತು.

ಇದಕ್ಕಿಂತ ಕಷ್ಟದ್ದು ಒಂದಿದೆ. ಕಲಿಸುವವನ ಮೈಯೇ ನಾಯಿಗೆ ಉತ್ತರ ಹೇಳಿಕೊಟ್ಟುಬಿಡುತ್ತದೆ, ಅವನಿಗೇ ಗೊತ್ತಾಗದ ಹಾಗೆ. ನೂರು ವರ್ಷದ ಹಿಂದೆ ಬರ್ಲಿನ್ನಿನಲ್ಲಿ ಹಾನ್ಸ್ ಅನ್ನುವ ಕುದುರೆ ಗೊರಸು ಬಡಿದು ಲೆಕ್ಕಕ್ಕೆ ಉತ್ತರ ಹೇಳುತ್ತಿತ್ತು. 1907ರಲ್ಲಿ ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಅದರ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳಿದವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಿರುತ್ತಿರಲಿಲ್ಲ. ಸರಿಯಾದ ಎಣಿಕೆ ಬಂದಾಗ ಅವನ ತಲೆ, ಮೈ ಒಂದಿಷ್ಟು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. 2011ರಲ್ಲಿ ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದವರು ವಾಸನೆ ಹಿಡಿಯುವ 18 ನಾಯಿಗಳನ್ನೂ ಅವುಗಳನ್ನು ನಡೆಸುವವರನ್ನೂ ಕರೆದು ಪರೀಕ್ಷಿಸಿದರು. ಕೆಂಪು ಕಾಗದ ಇರುವ ಕಡೆ ವಸ್ತು ಅಡಗಿದೆ ಅಂತ ನಡೆಸುವವರಿಗೆ ಹೇಳಿದ್ದರು. ನಿಜಕ್ಕೂ ಎಲ್ಲೂ ಏನೂ ಇಟ್ಟಿರಲಿಲ್ಲ. ಆದರೂ ‘ನಾಯಿ ತೋರಿಸಿತು’ ಅಂತ ಸಾಲುಸಾಲಾಗಿ ಹೇಳಿದರು, ಅದೂ ಕಾಗದ ಇದ್ದ ಕಡೆ ಜಾಸ್ತಿ. ಮಧುಮೇಹ ಇರುವವರ ರಕ್ತದಲ್ಲಿ ಸಕ್ಕರೆ ಇಳಿದದ್ದನ್ನು ವಾಸನೆಯಿಂದ ತಿಳಿಸಲು ನಾಯಿಗೆ ಕಲಿಸುತ್ತೇನೆ ಅನ್ನುವವರನ್ನು ಅಳೆಯುವಾಗ ಇದನ್ನು ಮರೆಯಲೇಬಾರದು. ಪರೀಕ್ಷೆಗೆ ಇಟ್ಟ ಯಾವ ಡಬ್ಬಿಯಲ್ಲಿ ಯಾವ ವಾಸನೆ ಇದೆ ಅಂತ ಅವರಿಗೂ ಗೊತ್ತಿರಬಾರದು, ಎದುರಿಗೆ ನಿಂತ ಯಾರಿಗೂ ಗೊತ್ತಿರಬಾರದು.

ಕಿವಿ ಕೇಳದವರ ನಾಯಿಯ ಬಗ್ಗೆಯೂ ಒಂದು ಮಾತು. ವಾಕ್ ಶ್ರವಣ ಸಂಸ್ಥೆ ಇರುವ ಮೈಸೂರಿನಲ್ಲೂ ‘ಬೆಲ್ ಆದರೆ ನಾಯಿ ಬೊಗಳಿ ಹೇಳುತ್ತಾ?’ ಅಂತ ಕೇಳುವವರಿದ್ದಾರೆ. ಕೇಳದವರ ಮುಂದೆ ಬೊಗಳಿ ಏನು ಪ್ರಯೋಜನ? ಅದು ಮೂಗಿನಿಂದಲೋ ಪಂಜದಿಂದಲೋ ಮುಟ್ಟಿ, ಸದ್ದು ಬಂದ ಕಡೆಗೆ ಕರೆದುಕೊಂಡು ಹೋಗುತ್ತದೆ.

ದಾರಿ ತೋರುವ ನಾಯಿಯಲ್ಲಿ ‘ಪಳಗಿದ’ ಅನ್ನುವ ಪದವೇ ಹೊಸ ತಿರುವು ಪಡೆಯುತ್ತದೆ. ಪಳಗುವುದು ಅಂದರೆ ಹೇಳಿದ್ದನ್ನು ಕೇಳುವುದು ಅಂತ ತಾನೇ ನಾವು ಅಂದುಕೊಂಡಿರುವುದು? ಈ ನಾಯಿ ಹೇಳಿದ್ದನ್ನು ಮೀರಲೂ ಕಲಿಯಬೇಕು. ಕಣ್ಣು ಕಾಣದವರು ‘ಮುಂದೆ’ ಅಂದಾಗ ಎದುರಿಗೆ ಕಾರು ಬರುತ್ತಿದ್ದರೆ ಅದು ಹೆಜ್ಜೆ ಇಡಬಾರದು. ಇಂಥ ನಾಯಿಗಳ ಶಾಲೆ ಮೊದಲು ಶುರುವಾದದ್ದು 1916ರಲ್ಲಿ, ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ. ಅಮೆರಿಕದಲ್ಲಿ 1929ರಲ್ಲಿ ಶುರುವಾದ ‘ದಿ ಸೀಯಿಂಗ್ ಐ’ ಶಾಲೆಯಲ್ಲಿ ಕಲಿಸಿದವರೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಮ್ಮ ನಾಯಿಯ ಜೊತೆ ಊರಿನೊಳಗೆ ನಡೆಯುತ್ತಾರೆ. ನಾಯಿಗೂ ಅದು ಪರೀಕ್ಷೆ, ಅವರಿಗೂ ಅದು ಪರೀಕ್ಷೆ. ಇದೇ ಲೆಕ್ಕದಲ್ಲಿ ಗಾಲಿಕುರ್ಚಿಯವರಿಗೆ ನಾಯಿ ಕಲಿಸುವವರು ಗಾಲಿಕುರ್ಚಿಯಲ್ಲಿ ಕೂತು ಕಲಿಸಿ ತೋರಿಸಬೇಕು ಅನ್ನುವುದು ನನ್ನ ಹಟ. ಎರಡೂ ಕೈ ಚಕ್ರದ ಮೇಲೆ ಇರುತ್ತದೆ. ನಾಯಿಯ ಬೆಲ್ಟು ಚಕ್ರಕ್ಕೆ ಸುತ್ತಿಕೊಳ್ಳಲು ನೋಡುತ್ತದೆ. ನಿಂತು ಕೊಟ್ಟ ಕೈಸನ್ನೆ ಕೂತಾಗ ನಾಯಿಗೆ ಬೇರೆಯೇ ಆಗಿ ಕಾಣುತ್ತದೆ. ಚಕ್ರದ ಪಕ್ಕ ಪಂಜ ಎಷ್ಟು ದೂರ ಇರಬೇಕು ಅನ್ನುವುದು ನಿಂತವನಿಗೆ ಗೊತ್ತಾಗುವುದೇ ಇಲ್ಲ.

ಕೊನೆಗೆ ಉಳಿಯುವುದು ನಾಯಿಯನ್ನು ಬೇಕಾದವರ ಕೈಗೆ ಒಪ್ಪಿಸುವ ಕೆಲಸ. ಇದನ್ನು ಹಳೆ ಮೈಸೂರಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವರನ್ನು ನೋಡಿ. ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ‘ಉಳುಮೆ ಆಗಿದೆಯಾ, ಗಾಡಿ ಆಗಿದೆಯಾ?’ ಅಂತ ಕೇಳುತ್ತಾರೆ. ಮಾರುವವನು ‘ಚೆನ್ನಾಗಿ ಪಳಗಿದೆ’ ಅನ್ನುತ್ತಾನೆ. ಆದರೂ ಕೊಳ್ಳುವವನು ಹಗ್ಗ ತನ್ನ ಕೈಗೆ ತಗೊಂಡು ನಾಲ್ಕು ಹೆಜ್ಜೆ ನಡೆಸಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ಮಾರುವವನ ಕೈಯಲ್ಲಿ ನಡೆಯುವ ಎತ್ತು ತನ್ನ ಕೈಯಲ್ಲಿ ಮೊಂಡು ಹಿಡಿಯಬಹುದು ಅಂತ ಅವನಿಗೆ ಗೊತ್ತು. ಆನೆಗೂ ಹಾಗೇ. ಮಾವುತ ಬದಲಾದರೆ ಹೊಸಬನಿಗೂ ಆನೆಗೂ ಹೊಂದಿಕೆಯಾಗಲು ಕಾಲ ಬೇಕು.

ಸರ್ವಿಸ್ ಡಾಗ್ ಕಲಿಸುವವರ ಪಳಗಿದ ಕೈ ಕಾಣುವುದು ಆ ಕೈ ಬೆಲ್ಟು ಬಿಟ್ಟ ಮೇಲೆ. ನಾಯಿ ಅವರ ಮಾತು ಕೇಳುವುದು ಅರ್ಧ ಕೆಲಸವೂ ಅಲ್ಲ. ಗಟ್ಟಿ ದನಿ ಇಲ್ಲದ, ಕೈ ನಡುಗುವ, ನಾಯಿ ಸಾಕಿಯೇ ಗೊತ್ತಿಲ್ಲದ ಒಬ್ಬರಿಗೆ ಆ ನಾಯಿಯ ಜೊತೆ ಬದುಕುವುದನ್ನು ಕಲಿಸಬೇಕು. ಅಂದರೆ ಮನುಷ್ಯರಿಗೆ ಕಲಿಸಲೂ ಬರಬೇಕು. ಆರು ತಿಂಗಳ ಮೇಲೆ ಬಂದು ಏನು ಸಡಿಲವಾಗಿದೆ ಅಂತ ನೋಡಬೇಕು. ಮರಿಯಿಂದ ಹಿಡಿದು ಕೆಲಸಕ್ಕೆ ನಿಲ್ಲುವ ಹೊತ್ತಿಗೆ ನಾಯಿಗೆ ಸುಮಾರು ಎರಡು ವರ್ಷ ಆಗುತ್ತದೆ. ದೇವರಾಜ ಮಾರ್ಕೆಟ್ಟಿನ ಗದ್ದಲದಲ್ಲಿ, ಬಸ್ ಸ್ಟ್ಯಾಂಡಿನ ಹಾರ್ನಿನ ನಡುವೆ ಅಲುಗದೆ ಇರುವ ನಾಯಿ 45 ದಿನದಲ್ಲಿ ಆಗುವುದಿಲ್ಲ. ಎಲ್ಲ ನಾಯಿಗೂ ಈ ಕೆಲಸ ಒಗ್ಗುವುದೂ ಇಲ್ಲ. ಒಳ್ಳೆಯ ತರಬೇತುದಾರರು ಹೆದರುವ ನಾಯಿಯನ್ನು, ಬೇಗ ರೇಗುವ ನಾಯಿಯನ್ನು ಈ ಕೆಲಸದಿಂದ ಬಿಡಿಸಿ ಯಾರದಾದರೂ ಮನೆಗೆ ಸಾಕಲು ಕೊಡುತ್ತಾರೆ. ‘ನನ್ನ ಕೈಯಲ್ಲಿ ಒಂದು ನಾಯಿಯೂ ಫೇಲ್ ಆಗಿಲ್ಲ’ ಅನ್ನುವವರನ್ನು ನಾನು ನಂಬುವುದಿಲ್ಲ.

ಇಷ್ಟನ್ನೂ ಅತ್ತೆಯ ಮಗಳಿಗೆ ಹೇಳಿದೆ. ಅವಳು ಕರಪತ್ರದ ನಂಬರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದಳು. ‘ಬೆಲ್ಟು ನನ್ನ ಕೈಗೆ ಕೊಟ್ಟು ನೀವು ಕಾಣದ ಕಡೆ ನಿಂತರೆ ನಾಯಿ ಕೆಲಸ ಮಾಡುತ್ತಾ? ಇಲ್ಲಿಯವರೆಗೆ ಯಾವ ಯಾವ ನಾಯಿಯನ್ನು ಆಗಲ್ಲ ಅಂತ ಬಿಟ್ಟಿದ್ದೀರಿ, ಯಾಕೆ?’ ಆ ಕಡೆಯವರು ಸರ್ಟಿಫಿಕೇಟಿನ ಫೋಟೊ ಕಳಿಸುತ್ತೇವೆ ಅಂದರು. ಸಂಜೆ ಫೋಟೊ ಬಂತು. ಒಂದು ಆನ್‌ಲೈನ್ ಕೋರ್ಸ್ ಮುಗಿಸಿದ್ದಾರೆ ಅಂತ ಅದರಲ್ಲಿತ್ತು. ಅವಳು ಇನ್ನೂ ಹುಡುಕುತ್ತಿದ್ದಾಳೆ.