ಹೊರಟು ನಿಂತ ಹಕ್ಕಿಗಳು

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹಕ್ಕಿ ನೋಡಲು ಜನ ಹೆಚ್ಚಾಗಿ ಬರುವುದು ಡಿಸೆಂಬರ್, ಜನವರಿಯಲ್ಲಿ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಯಲ್ಲಿ ಆಗ ಪಟ್ಟೆತಲೆ ಹೆಬ್ಬಾತುಗಳ ಜಾತ್ರೆಯೇ ನೆರೆದಿರುತ್ತದೆ. ನನ್ನನ್ನು ಕೇಳಿದರೆ, ಹಕ್ಕಿಗಳನ್ನು ನಿಜಕ್ಕೂ ಅರಿಯಬೇಕೆನ್ನುವವರು ಶಿವರಾತ್ರಿಯ ಆಸುಪಾಸಿನಲ್ಲಿ ಹೋಗಬೇಕು. ಗುಂಪು ಕರಗತೊಡಗಿರುತ್ತದೆ, ನಿಜ. ಆದರೆ ಉಳಿದ ಹಕ್ಕಿಗಳ ಮೈಯಲ್ಲಿ ಪ್ರಯಾಣದ ಸಿದ್ಧತೆ ಕಣ್ಣಿಗೇ ಕಾಣುತ್ತದೆ.

ದಡದಲ್ಲಿ ನಿಂತ ಹೆಬ್ಬಾತನ್ನು ದುರ್ಬೀನಿನಲ್ಲಿ ಪಕ್ಕದಿಂದ ನೋಡಿ. ತಲೆಯ ಹಿಂದಿನ ಎರಡು ಕಪ್ಪು ಪಟ್ಟೆಗಳನ್ನು ಎಲ್ಲರೂ ಗಮನಿಸುತ್ತಾರೆ. ಕಾಲುಗಳ ಹಿಂದೆ, ಬಾಲದ ಬುಡದ ಕೆಳಗೆ ಹೊಟ್ಟೆಯ ಗೆರೆ ಹೇಗಿದೆ ಎಂದು ನೋಡುವವರು ಕಡಿಮೆ. ಆ ಗೆರೆ ಜೋತುಬಿದ್ದಷ್ಟೂ ಒಳಗೆ ಕೊಬ್ಬು ಹೆಚ್ಚು ಕೂಡಿದೆ ಎಂದರ್ಥ. ಹೆಬ್ಬಾತುಗಳ ಮೇಲೆ ಸಂಶೋಧನೆ ನಡೆಸುವವರು ಹಕ್ಕಿಯನ್ನು ಹಿಡಿಯದೆಯೇ ಅದರ ದೇಹಸ್ಥಿತಿಯನ್ನು ಅಳೆಯುವ ವಿಧಾನಗಳಲ್ಲಿ ಇದೂ ಒಂದು. ಸುತ್ತಲಿನ ಹೊಲಗಳಲ್ಲಿ ಮೇಯ್ದು ಬಂದ ಕಾಳು, ಎಳೆಯ ಹುಲ್ಲು ಎಲ್ಲವೂ ಅಲ್ಲಿ ಸಂಗ್ರಹವಾಗುತ್ತದೆ. ಒಂದು ಗ್ರಾಂ ಕೊಬ್ಬಿನಿಂದ ಸಿಗುವ ಶಕ್ತಿ ಒಂದು ಗ್ರಾಂ ಪಿಷ್ಟದಿಂದ ಸಿಗುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಾರುವ ಪ್ರಾಣಿಗೆ ಇದಕ್ಕಿಂತ ಹಗುರವಾದ ಬುತ್ತಿ ಬೇರೆ ಇಲ್ಲ.

ಬುತ್ತಿ ಬೇಕೇ ಬೇಕು, ಏಕೆಂದರೆ ದಾರಿಯಲ್ಲಿ ಹಿಮಾಲಯವಿದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ ಇವು ಪರ್ವತವನ್ನು ಏಳೆಂಟು ಗಂಟೆಗಳಲ್ಲಿ ಏರಿಬಿಡುತ್ತವೆ ಎಂದು ತಿಳಿಯಿತು. ಅದೂ ಗಾಳಿಯ ನೆರವು ಕಾಯದೆ, ಹೆಚ್ಚಾಗಿ ರಾತ್ರಿ ಮತ್ತು ನಸುಕಿನಲ್ಲಿ. ಆ ಹೊತ್ತಿನ ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೆ ಆಮ್ಲಜನಕವೂ ತುಸು ಹೆಚ್ಚು. ದಾಖಲಾದ ಗರಿಷ್ಠ ಎತ್ತರಗಳಲ್ಲೊಂದು 7,290 ಮೀಟರ್. ಇವುಗಳ ರಕ್ತದ ಹಿಮೋಗ್ಲೋಬಿನ್ ಬೇರೆ ಹೆಬ್ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ.

ಹೊರಡುವ ಕಾಲ ಬಂತೆಂದು ಹಕ್ಕಿಗೆ ಗೊತ್ತಾಗುವುದಾದರೂ ಹೇಗೆ? ಹಗಲು ಉದ್ದವಾಗುವುದರಿಂದ ಎನ್ನುವುದು ಸಾಮಾನ್ಯ ಉತ್ತರ. ಆದರೆ ನಮ್ಮ ಅಕ್ಷಾಂಶದಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲಿಗೂ ಹಗಲು ರಾತ್ರಿ ಸಮವಾಗುವ ಮಾರ್ಚ್ ವಿಷುವದ ಹಗಲಿಗೂ ಇರುವ ವ್ಯತ್ಯಾಸ ಒಂದು ಗಂಟೆಯೂ ಇಲ್ಲ. ಹಕ್ಕಿಯ ಮಿದುಳಿನ ಆಳದಲ್ಲಿ, ತಲೆಬುರುಡೆಯನ್ನು ದಾಟಿ ಬರುವ ಬೆಳಕನ್ನು ಗ್ರಹಿಸುವ ಕೋಶಗಳೇ ಇವೆ. ಅದರ ಜೊತೆಗೆ ಒಳಗೊಂದು ವರ್ಷದ ಗಡಿಯಾರವೂ ಇದೆ. ಜರ್ಮನಿಯ ಪಕ್ಷಿವಿಜ್ಞಾನಿ ಎಬರ್‌ಹಾರ್ಡ್ ಗ್ವಿನ್ನರ್ ಕೆಲವು ಪುಟ್ಟ ವಲಸೆ ಹಕ್ಕಿಗಳನ್ನು ಸದಾ ಒಂದೇ ಅವಧಿಯ ಹಗಲು ರಾತ್ರಿಯಲ್ಲಿಟ್ಟು ಸಾಕಿದರು. ಋತುವಿನ ಸುಳಿವೇ ಇಲ್ಲದ ಪಂಜರದಲ್ಲೂ ಅವು ಗರಿ ಬದಲಿಸಿದವು, ವಲಸೆಯ ಕಾಲ ಬಂದಾಗ ರಾತ್ರಿಯಿಡೀ ಚಡಪಡಿಸಿದವು. ಈ ಪ್ರಯೋಗದ ಬಗ್ಗೆ ಎಷ್ಟು ಸಲ ಓದಿದರೂ ನನ್ನ ಬೆರಗು ತಗ್ಗಿಲ್ಲ.

ದೊಡ್ಡ ಹಕ್ಕಿಗಳಿಂದ ಕಣ್ಣು ಕೀಳಲು ಸಾಧ್ಯವಾದರೆ ಕೆಸರಿನ ಅಂಚಿಗೆ ಬನ್ನಿ. ಬಾಲ ಕುಣಿಸುತ್ತಾ ಓಡಾಡುವ ಹಳದಿ ಸಿಪಿಲೆಗಳು ಚಳಿಗಾಲವಿಡೀ ಮಾಸಲು ಬಣ್ಣದಲ್ಲಿದ್ದವು. ಈಗ ಎದೆಯ ಮೇಲೆ ಅಲ್ಲಲ್ಲಿ ಅರಿಶಿನದ ತೇಪೆಗಳು ಕಾಣುತ್ತವೆ. ಒಂದೊಂದು ಹಕ್ಕಿಯ ತೇಪೆಯೂ ಬೇರೆ ಬೇರೆ. ಈ ಹೊತ್ತಿನಲ್ಲಿ ಅವು ಬದಲಿಸುವುದು ತಲೆ ಮತ್ತು ಮೈಯ ಗರಿಗಳನ್ನು. ಸಾವಿರಾರು ಕಿಲೋಮೀಟರ್ ಹಾರಬೇಕಾದ ರೆಕ್ಕೆಯ ದೊಡ್ಡ ಗರಿಗಳ ತಂಟೆಗೆ ಹೋಗುವುದಿಲ್ಲ. ಉದ್ದ ಕೊಕ್ಕಿನ, ಕಪ್ಪು ಬಾಲದ ಗಾಡ್‌ವಿಟ್‌ಗಳ ಕೊರಳು ಇಟ್ಟಿಗೆಗೆಂಪಿಗೆ ತಿರುಗುವುದೂ ಇದೇ ವಾರಗಳಲ್ಲಿ. ನಿಮ್ಮೂರಿನ ಕೆರೆಯಲ್ಲಿ ಇವನ್ನು ಕೊನೆಯ ಸಲ ಕಂಡ ದಿನವನ್ನು ಬರೆದಿಡಿ. ಬಂದ ದಿನವನ್ನು ಸಂಭ್ರಮದಿಂದ ಗುರುತಿಸುವ ನಾವು ಹೋದ ದಿನವನ್ನು ಮರೆತುಬಿಡುತ್ತೇವೆ.

ಇಪ್ಪತ್ತೈದು ಗ್ರಾಂ ತೂಗುವ ಲಿಟಲ್ ಸ್ಟಿಂಟ್ ಎಂಬ ಪುಟ್ಟ ಗೊರವ ಆರ್ಕ್‌ಟಿಕ್‌ನ ತಂಡ್ರಾ ತಲುಪಲು ಬೇಕಾದ ಕೊಬ್ಬನ್ನು ಕೂಡಿಸಲು ತೊಡಗುವುದು ಈ ಕೆಸರಿನಿಂದಲೇ. ಬೇಸಿಗೆ ಹತ್ತಿರವಾಗಿ ನೀರು ಹಿಂದೆ ಸರಿದಂತೆ ದಿನದಿನವೂ ಹೊಸ ಕೆಸರು ತೆರೆದುಕೊಳ್ಳುತ್ತದೆ, ಅದರೊಳಗಿನ ಹುಳು, ಕೀಟಗಳ ಮರಿಗಳು ಕೊಕ್ಕಿಗೆ ಎಟುಕುತ್ತವೆ. ಇದಕ್ಕೆಲ್ಲ ದಂಡೆ ಇಳಿಜಾರಾಗಿರಬೇಕು. ಅಭಿವೃದ್ಧಿಯ ಹೆಸರಿನಲ್ಲಿ ಅಂಚನ್ನು ನೆಟ್ಟಗೆ ಕಡಿದು, ಸುತ್ತಲೂ ಕಲ್ಲು ಕಟ್ಟಿ, ತಳವನ್ನು ಒಂದೇ ಆಳಕ್ಕೆ ಬಗೆದ ಕೆರೆಯಲ್ಲಿ ನೀರು ಎಷ್ಟು ಇಳಿದರೂ ಅಂಚಿನಲ್ಲಿ ಕೆಸರು ತೆರೆಯುವುದಿಲ್ಲ. ನೀರುಕಾಗೆಗಳಿಗೆ ಅಲ್ಲಿ ಮೀನು ಸಿಕ್ಕೀತು. ಗೊರವಗಳಿಗೆ ಕಾಲೂರಲು ಜಾಗವಿಲ್ಲ. ಹೂಳೆತ್ತುವುದನ್ನು ಏರಿ ಮತ್ತು ತೂಬಿನ ಕಡೆಗೆ ಸೀಮಿತಗೊಳಿಸಿ, ಹಳ್ಳ ಬಂದು ಸೇರುವ ಕಡೆಯ ಅಂಗಳವನ್ನು ಇದ್ದಂತೆಯೇ ಬಿಡಿ ಎಂದು ಕೆಲಸ ಶುರುವಾಗುವ ಮೊದಲೇ ಗ್ರಾಮ ಪಂಚಾಯಿತಿಗೆ ಬರೆದುಕೊಡಬಹುದು.